ಮುಂದ ಏನಾತು ಅಂತ ಕೇಳ್ರಿ

ಊರ ದವಾಖಾನೆಯಲ್ಲಿ ಹೊಸ ಹೆರಿಗೆ ಕೋಣೆ ಉದ್ಘಾಟನೆಯಾದ ದಿನ ನೀವು ಅಲ್ಲಿದ್ದಿರಿ. ಪೆಂಡಾಲು ಹಾಕಿದ್ದರು, ಗಣ್ಯರಿಗೆ ಶಾಲು ಹೊದಿಸಿದರು, ಟೇಪು ಕತ್ತರಿಸಿದರು, ನೀವು ಮನಸಾರೆ ಚಪ್ಪಾಳೆ ತಟ್ಟಿದಿರಿ. ತಟ್ಟಿದ್ದು ತಪ್ಪಲ್ಲ, ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಒಳ್ಳೆಯದಾಗಲಿ ಎಂಬ ನಿಮ್ಮ ಆಸೆ ನಿಜವಾದದ್ದು. ಆದರೆ ಹೂವಿನ ಹಾರ ಒಣಗಿದ ಮೇಲೆ ಆ ಕೋಣೆಗೆ ಎಷ್ಟು ಜನ ಬಸುರಿಯರು ಬಂದರು, ಬಂದವರಲ್ಲಿ ಎಷ್ಟು ಜನರನ್ನು ನಡುರಾತ್ರಿ ವಿಜಯಪುರಕ್ಕೆ ಕಳಿಸಿದರು, ಹೋದವರಲ್ಲಿ ಎಷ್ಟು ಜನ ಕೂಸನ್ನು ಎದೆಗವಚಿಕೊಂಡು ಮನೆಗೆ ತಿರುಗಿ ಬಂದರು ಎಂದು ನೀವು ಕೇಳಲಿಲ್ಲ. ಮುಂದ ಏನಾತು ಅಂತ ಕೇಳಲಿಲ್ಲ.

ಕೇಳಲು ಬಾರದವರಲ್ಲ ನೀವು. ಹೊಲದ ಕೇಸು ಕೋರ್ಟಿನಲ್ಲಿದ್ದರೆ ಪ್ರತಿ ತಾರೀಖಿಗೂ ಮುಂದ ಏನಾತು ಅಂತ ವಿಚಾರಿಸುತ್ತೀರಿ. ಆಲಮಟ್ಟಿಗೆ ಒಳಹರಿವು ಎಷ್ಟು ಬಂತು, ಕಾಲುವೆಗೆ ನೀರು ಯಾವಾಗ ಬಿಡುತ್ತಾರೆ ಎಂಬುದನ್ನು ಬಾಯಿಪಾಠದಂತೆ ಹೇಳುತ್ತೀರಿ. ಬಿಳಿಜೋಳ ಬಿತ್ತಿದ ರೈತ ಹಿಂಗಾರಿಯುದ್ದಕ್ಕೂ ಹೊಲದ ಬದು ತುಳಿಯುತ್ತಾನೆ, ರಾಶಿಯ ದಿನ ಎಕರೆಗೆ ಎಷ್ಟು ಚೀಲ ಬಂತೆಂದು ಎಣಿಸುತ್ತಾನೆ, ಕಡಿಮೆ ಬಿದ್ದರೆ ತಪ್ಪು ಬೀಜದ್ದೋ ಮಣ್ಣಿನದೋ ಮಳೆಯದೋ ಎಂದು ಹುಡುಕುತ್ತಾನೆ. ಬಿತ್ತಿದ್ದೇ ಸುಗ್ಗಿಯಾಯಿತೆಂದು ಹೊಲಕ್ಕೆ ಬೆನ್ನು ಹಾಕಿ ಕೂರುವ ರೈತ ಇಂಡಿಯಿಂದ ಮುದ್ದೇಬಿಹಾಳದವರೆಗೆ ಹುಡುಕಿದರೂ ಸಿಗಲಾರ. ದವಾಖಾನೆಯ ಮಟ್ಟಿಗೆ ಮಾತ್ರ ನಾವು ಬಿತ್ತಿದ್ದನ್ನೇ ಸುಗ್ಗಿಯೆಂದು ಒಪ್ಪಿಕೊಂಡುಬಿಟ್ಟಿದ್ದೇವೆ. ಯೋಜನೆ ಬಂತು ಎನ್ನುವುದೇ ನಮಗೆ ಸಾಕಾಗಿದೆ. ಯಂತ್ರ ಬಂತು, ತರಬೇತಿ ಆಯಿತು, ಗುಳಿಗೆ ಹಂಚಿದರು, ಪ್ರಶಸ್ತಿ ಸಿಕ್ಕಿತು. ಆ ಯಂತ್ರ, ಆ ತರಬೇತಿ, ಆ ಗುಳಿಗೆ ಯಾರಿಗಾಗಿ ಬಂದವೋ ಅವಳ ಗತಿ ಏನಾಯಿತು ಎಂದು ಕೇಳುವ ಹೊತ್ತಿಗೆ ನಾವೆಲ್ಲ ಮನೆ ಸೇರಿರುತ್ತೇವೆ.

ಇದು ಬಸವನ ಬಾಗೇವಾಡಿ. ಕಲ್ಯಾಣದಲ್ಲಿ ಬಿಜ್ಜಳನ ಭಂಡಾರ ಕಾಯ್ದ ಬಸವಣ್ಣ ಹುಟ್ಟಿದ ಊರು. ಭಂಡಾರದ ಹೊನ್ನು ದಾಸೋಹಕ್ಕೆ ಸೋರಿಹೋಗುತ್ತಿದೆ ಎಂದು ಚಾಡಿಕೋರರು ದೊರೆಯ ಕಿವಿಯೂದಿದಾಗ ಅವನು ಲೆಕ್ಕ ಮುಂದಿಟ್ಟನೆಂದೂ, ಎಣಿಸಿ ನೋಡಿದರೆ ಒಂದು ಹೊನ್ನೂ ಕಡಿಮೆ ಇರಲಿಲ್ಲವೆಂದೂ ನಮ್ಮ ಹಿರಿಯರು ಕಥೆ ಹೇಳಿಕೊಂಡು ಬಂದಿದ್ದಾರೆ. ಪವಾಡದ ಮಾತು ಬದಿಗಿರಲಿ. ಆ ಕಥೆಯಲ್ಲಿ ದಯೆಯ ಮೂರ್ತಿಯಾದವನೇ ಲೆಕ್ಕದ ಮನುಷ್ಯನೂ ಆಗಿದ್ದಾನೆ. ಲೆಕ್ಕ ಕೇಳಿದ್ದನ್ನು ಅವನು ಅವಮಾನವೆಂದು ತಿಳಿಯಲಿಲ್ಲ, ಲೆಕ್ಕ ಕೊಡುವುದನ್ನು ಕಾಯಕದ ಹೊರಗಿನ ಮಾತೆಂದೂ ಭಾವಿಸಲಿಲ್ಲ. ಅವನ ಹೆಸರನ್ನು ಊರಿಗೂ ಶಾಲೆಗೂ ಮಕ್ಕಳಿಗೂ ಇಟ್ಟುಕೊಂಡ ನೀವು, ಬಡವರ ಹೆಸರಿನಲ್ಲಿ ಬಂದ ಪ್ರತಿಯೊಂದು ಯೋಜನೆಯೂ ಬಡವರ ಜೀವಕ್ಕೆ ಎಷ್ಟು ಆಸರೆಯಾಯಿತು ಎಂಬ ಲೆಕ್ಕವನ್ನು ಕೇಳದೆ ಇರುವುದು ಹೇಗೆ?

ಒಳ್ಳೆಯದೇನೂ ಆಗಿಲ್ಲ ಎಂದು ನಾನು ಹೇಳುತ್ತಿಲ್ಲ. 2005-06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ ಕರ್ನಾಟಕದಲ್ಲಿ ನೂರಕ್ಕೆ ಸುಮಾರು 65 ಹೆರಿಗೆಗಳು ಮಾತ್ರ ದವಾಖಾನೆಗಳಲ್ಲಿ ಆಗುತ್ತಿದ್ದವು. 2019-21ರ ಸಮೀಕ್ಷೆಯಲ್ಲಿ ಅದು 97ಕ್ಕೇರಿತು. ಜನನಿ ಸುರಕ್ಷಾ ಯೋಜನೆ, ತಾಯಿ ಕಾರ್ಡು, ಮಡಿಲು ಕಿಟ್ಟು, 108 ಗಾಡಿ, ಇವೆಲ್ಲಕ್ಕಿಂತ ಹೆಚ್ಚಾಗಿ ಬಿಸಿಲೆನ್ನದೆ ಮಳೆಯೆನ್ನದೆ ಮನೆಮನೆ ತಿರುಗಿದ ಆಶಾ ಕಾರ್ಯಕರ್ತೆಯ ಚಪ್ಪಲಿ ಸವೆತ, ಎಲ್ಲ ಸೇರಿ ನಮ್ಮ ಹೆಣ್ಣುಮಕ್ಕಳನ್ನು ದವಾಖಾನೆಯ ಬಾಗಿಲವರೆಗೆ ತಂದವು. ಆದರೆ ಬಾಗಿಲಾಚೆ? 2018-20ರ ಲೆಕ್ಕದಂತೆ ಪ್ರತಿ ಒಂದು ಲಕ್ಷ ಜೀವಂತ ಜನನಕ್ಕೆ ಕೇರಳದಲ್ಲಿ 19 ತಾಯಂದಿರು ಸತ್ತರೆ, ತೆಲಂಗಾಣದಲ್ಲಿ 43, ಆಂಧ್ರದಲ್ಲಿ 45, ತಮಿಳುನಾಡಿನಲ್ಲಿ 54, ನಮ್ಮಲ್ಲಿ 69. ದಕ್ಷಿಣದ ಐದು ರಾಜ್ಯಗಳಲ್ಲಿ ನಮ್ಮದೇ ಹೆಚ್ಚು. ಆಮೇಲೆ ಆ ಸಂಖ್ಯೆ ಇಳಿದದ್ದೂ ಉಂಟು, ಇಳಿಯಲಿ, ಇಳಿಯುತ್ತಲೇ ಇರಲಿ. ಆದರೂ ನೂರಕ್ಕೆ 97 ಜನ ನಂಬಿ ನಮ್ಮ ಬಾಗಿಲಿಗೆ ಬಂದ ಮೇಲೂ ಸಾವು ಒಳಗೆ ಬರುತ್ತಿದೆಯೆಂದರೆ, ಬಂದವರ ಸಂಖ್ಯೆ ಎಣಿಸಿದ್ದೊಂದೇ ಸಾಲದು. ಅದೇ 2019-21ರ ಸಮೀಕ್ಷೆಯಲ್ಲಿ ರಾಜ್ಯದ ಗರ್ಭಿಣಿಯರಲ್ಲಿ ನೂರಕ್ಕೆ 45ಕ್ಕಿಂತ ಹೆಚ್ಚು ಜನರಿಗೆ ರಕ್ತಹೀನತೆ ಇತ್ತು. ಕಬ್ಬಿಣಾಂಶದ ಗುಳಿಗೆ ಎಷ್ಟು ಹಂಚಿದೆವು ಎಂಬುದು ನಮ್ಮ ಪುಸ್ತಕದಲ್ಲಿದೆ. ಆಕೆ ನುಂಗಿದಳೋ, ಹೊಟ್ಟೆ ತೊಳಸಿ ಬಿಟ್ಟಳೋ, ಮೈಯಲ್ಲಿ ರಕ್ತ ಏರಿತೋ ಇಲ್ಲವೋ? ಮುಂದ ಏನಾತು ಅಂತ ಕೇಳ್ರಿ.

2024ರ ನವೆಂಬರ್ ತಿಂಗಳನ್ನು ನೀವು ಮರೆತಿರಲಾರಿರಿ. ಬಳ್ಳಾರಿಯ ಸರಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಹಲವು ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ಅಸ್ವಸ್ಥರಾದರು. ಐದು ಜನ ಉಳಿಯಲಿಲ್ಲ. ಕೂಸು ತೊಟ್ಟಿಲಲ್ಲಿ, ತಾಯಿ ಮಣ್ಣಲ್ಲಿ. ಮೈಗೆ ಏರಿಸಿದ ಐವಿ ದ್ರಾವಣದ ಮೇಲೆ ಸಂಶಯ ಬಿತ್ತು. ರಾಜ್ಯದ ಔಷಧ ನಿಯಂತ್ರಕರ ಅಮಾನತಾಯಿತು, ಕಂಪನಿ ಕಪ್ಪುಪಟ್ಟಿಗೆ ಸೇರಿತು, ವಾರಗಟ್ಟಲೆ ಟಿವಿಗಳು ಕೂಗಿದವು. ಆಮೇಲೆ ಸರಕಾರವೇ ಮುಂದಾಗಿ, ಆ ವರ್ಷ ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ ರಾಜ್ಯದಲ್ಲಿ ಸತ್ತ 464 ತಾಯಂದಿರ ಸಾವುಗಳನ್ನು ತಜ್ಞರಿಂದ ಒಂದೊಂದಾಗಿ ಪರಿಶೀಲಿಸಿತು. ಅದರಲ್ಲಿ ನೂರಕ್ಕೆ 70ರಷ್ಟು ಸಾವುಗಳು ತಪ್ಪಿಸಬಹುದಾದವಾಗಿದ್ದವು ಎಂದು ಆ ಪರಿಶೀಲನೆ ಹೇಳಿತು. ಈ ಮಾತನ್ನು ಇನ್ನೊಮ್ಮೆ ಓದಿ. ವಿಧಿಬರಹವಲ್ಲ, ಕರ್ಮಫಲವಲ್ಲ, ದೇವರಿಚ್ಛೆಯಲ್ಲ, ತಪ್ಪಿಸಬಹುದಾಗಿತ್ತು. ಸಕಾಲಕ್ಕೆ ಬಿಪಿ ನೋಡಿದ್ದರೆ, ಸಕಾಲಕ್ಕೆ ರಕ್ತ ಸಿಕ್ಕಿದ್ದರೆ, ಕಳಿಸಬೇಕಾದವಳನ್ನು ಎರಡು ತಾಸು ಮೊದಲು ಕಳಿಸಿದ್ದರೆ, ಕಳಿಸಬಾರದವಳನ್ನು ಅಲ್ಲೇ ಇಟ್ಟು ಕಾಪಾಡಿದ್ದರೆ. ಆ ಪರಿಶೀಲನೆ ನಡೆದದ್ದು ಒಳ್ಳೆಯ ಕೆಲಸ. ಅದು ಬಳ್ಳಾರಿಯ ಐದು ಹೆಣಗಳು ಬೀಳುವವರೆಗೆ ಕಾಯಬೇಕಾಯಿತು ಎಂಬುದು ನಮ್ಮೆಲ್ಲರ ಎದೆಯ ಮೇಲಿನ ಕಲ್ಲು.

ಕಣ್ಣಂದಾಜು ಮೋಸ ಮಾಡುತ್ತದೆ. ಇದನ್ನು ನಮಗೆ ಕಲಿಸಿದ್ದು ದೂರದ ದೇಶವಲ್ಲ, ಪಕ್ಕದ ಬೆಳಗಾವಿ. ಹೆರಿಗೆಯ ನಂತರ ರಕ್ತ ಹರಿಯುವುದು ತಾಯಂದಿರ ಸಾವಿಗೆ ದೊಡ್ಡ ಕಾರಣ. ಹರಿದದ್ದೆಷ್ಟು ಎಂದು ವೈದ್ಯರೂ ಸಿಸ್ಟರ್‌ಗಳೂ ಕಣ್ಣಿಂದಲೇ ಅಂದಾಜು ಕಟ್ಟುತ್ತಿದ್ದರು. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದವರ ಜೊತೆ ಸೇರಿ ಬಾಣಂತಿಯ ಕೆಳಗೆ ಹಾಸುವ, ಅಳತೆಯ ಗೆರೆಗಳಿರುವ, ಸರಳವಾದ ಪ್ಲಾಸ್ಟಿಕ್ ಹಾಸೊಂದನ್ನು ರೂಪಿಸಿದರು. 2006ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ, ಹಾಸಿನಲ್ಲಿ ಅಳೆದ ರಕ್ತಕ್ಕಿಂತ ಕಣ್ಣಿನ ಅಂದಾಜು ಮೂರನೇ ಒಂದು ಪಾಲು ಕಡಿಮೆ ಇತ್ತು. ನೋಡಿ, ಆ ಸಿಸ್ಟರ್‌ಗೆ ಕರುಣೆ ಇರಲಿಲ್ಲವೆಂದಲ್ಲ. ಆಕೆ ಕಣ್ಣೆದುರೇ ನಿಂತು, ಪ್ರೀತಿಯಿಂದಲೇ ನೋಡುತ್ತಿದ್ದಾಗಲೂ, ಮೂರರಲ್ಲಿ ಒಂದು ಪಾಲು ರಕ್ತ ಆಕೆಯ ಕಣ್ಣಿಗೆ ಬೀಳಲಿಲ್ಲ. ಹಾಗಿದ್ದರೆ ದೂರದಲ್ಲಿ ಕೂತು, ಫೋಟೋ ನೋಡಿ, ವರದಿಯ ಮುಖಪುಟ ನೋಡಿ, ಎಲ್ಲ ಚೆನ್ನಾಗಿ ನಡೆದಿದೆ ಎಂದು ಅಂದಾಜು ಕಟ್ಟುವ ನಿಮ್ಮ ನಮ್ಮ ಕಣ್ಣಿಗೆ ಎಷ್ಟು ರಕ್ತ ಬೀಳದೆ ಹೋಗುತ್ತಿರಬಹುದು?

ಅದೇ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 2002ರಿಂದ 2005ರವರೆಗೆ 1620 ಬಾಣಂತಿಯರನ್ನು ಒಳಗೊಂಡ ಇನ್ನೊಂದು ಅಧ್ಯಯನ ನಡೆಯಿತು. ದೊಡ್ಡ ಡಾಕ್ಟರಿಲ್ಲದ ಕಡೆ, ಹಳ್ಳಿಯ ಸಹಾಯಕ ದಾದಿಯರೇ ಕೊಡಬಹುದಾದ ಮಿಸೊಪ್ರೊಸ್ಟಾಲ್ ಗುಳಿಗೆ ಅತಿ ರಕ್ತಸ್ರಾವವನ್ನು ನೂರಕ್ಕೆ 12ರಿಂದ 6.4ಕ್ಕೆ ಇಳಿಸಿತು. ಬೆಳಗಾವಿಯಲ್ಲಿ ಹುಟ್ಟಿದ ಹಾಸಿನಂಥ ಅಳತೆಯ ಹಾಸುಗಳನ್ನೇ ಹಾಸಿ, ರಕ್ತ ಗೆರೆ ಮುಟ್ಟಿದ ತಕ್ಷಣ ಮಾಡಬೇಕಾದ ಚಿಕಿತ್ಸೆಗಳನ್ನೆಲ್ಲ ಒಟ್ಟಿಗೆ ಶುರುಮಾಡುವ ಪ್ರಯೋಗವೊಂದು ಆಫ್ರಿಕದ ಕೀನ್ಯಾ, ನೈಜೀರಿಯಾ, ತಾಂಜಾನಿಯಾ, ದಕ್ಷಿಣ ಆಫ್ರಿಕಗಳ 80 ಆಸ್ಪತ್ರೆಗಳಲ್ಲಿ, ಎರಡು ಲಕ್ಷಕ್ಕಿಂತ ಹೆಚ್ಚು ಹೆರಿಗೆಗಳಲ್ಲಿ ನಡೆಯಿತು. 2023ರಲ್ಲಿ ಅದರ ಫಲಿತಾಂಶ ಬಂದಾಗ ತೀವ್ರ ರಕ್ತಸ್ರಾವ ಮತ್ತು ಅದರಿಂದಾಗುವ ಅನಾಹುತಗಳು ನೂರಕ್ಕೆ 60ರಷ್ಟು ಇಳಿದಿದ್ದವು. ನಮ್ಮ ನೆರೆಯಲ್ಲಿ ಹುಟ್ಟಿದ ಅಳತೆಯ ಬುದ್ಧಿ ಕಡಲಾಚೆಯ ತಾಯಂದಿರನ್ನು ಕಾಪಾಡಿತು. ನಮ್ಮೂರಿನ ಹೆರಿಗೆ ಕೋಣೆಯಲ್ಲಿ ಅಳೆಯುತ್ತಾರೋ, ಅಂದಾಜು ಕಟ್ಟುತ್ತಾರೋ? ಕೇಳ್ರಿ.

ಅಳೆದರೆ ಯಾವಾಗಲೂ ಸಿಹಿ ಸುದ್ದಿಯೇ ಬರುತ್ತದೆ ಎಂದೇನಿಲ್ಲ, ಮತ್ತು ಅದಕ್ಕೇ ಅಳೆಯಬೇಕು. 2010ರಲ್ಲಿ ಕರ್ನಾಟಕದ್ದೇ ಒಂದು ತಾಲ್ಲೂಕು ಮಟ್ಟದ ಹೆರಿಗೆ ಕೇಂದ್ರದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷಿತ ಹೆರಿಗೆ ಪಟ್ಟಿಯನ್ನು ಸಂಶೋಧಕರು ಪರೀಕ್ಷಿಸಿ ನೋಡಿದರು. ಕೈ ತೊಳೆಯುವುದು, ಬಿಪಿ ನೋಡುವುದು, ಕೂಸನ್ನು ತಾಯಿಯ ಮೈಗೆ ತಾಗಿಸಿ ಬೆಚ್ಚಗಿಡುವುದು, ಇಂಥ 29 ಅಗತ್ಯ ಕೆಲಸಗಳಲ್ಲಿ ಮೊದಲು ಪ್ರತಿ ಹೆರಿಗೆಗೆ ಸರಾಸರಿ 10 ಮಾತ್ರ ಆಗುತ್ತಿದ್ದವು. ಪಟ್ಟಿ ಬಂದ ಮೇಲೆ 25 ಆದವು. ಯಾರಾದರೂ ಅಲ್ಲಿಗೇ ನಿಲ್ಲಿಸಿ ಹಾರ ಹಾಕಿಸಿಕೊಳ್ಳಬಹುದಿತ್ತು. ಅವರು ನಿಲ್ಲಿಸಲಿಲ್ಲ. ಉತ್ತರ ಪ್ರದೇಶದ 120 ದವಾಖಾನೆಗಳಲ್ಲಿ, ಅರ್ಧದಲ್ಲಿ ಪಟ್ಟಿಯಿಟ್ಟು ಅರ್ಧದಲ್ಲಿ ಇಡದೆ, ಒಂದೂವರೆ ಲಕ್ಷಕ್ಕಿಂತ ಹೆಚ್ಚು ತಾಯಿ-ಮಕ್ಕಳ ಗತಿಯನ್ನು ಹಿಂಬಾಲಿಸಿ ನೋಡಿದರು. ಸಿಸ್ಟರ್‌ಗಳ ಕೆಲಸ ಅಲ್ಲಿಯೂ ಸುಧಾರಿಸಿತು. ಆದರೆ ಸಾವುನೋವು ಇಳಿಯಲಿಲ್ಲ. ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಇತ್ತು. 2017ರಲ್ಲಿ ಅದನ್ನು ಅವರು ಮುಚ್ಚಿಡದೆ ಜಗತ್ತಿಗೆ ಹೇಳಿದರು. ಆ ಪ್ರಾಮಾಣಿಕತೆಗೆ ಕೈಮುಗಿಯಬೇಕು. ಪಟ್ಟಿಯಲ್ಲಿ ಗುರುತು ಹಾಕಿದ ಮಾತ್ರಕ್ಕೆ ಜೀವ ಉಳಿಯುವುದಿಲ್ಲ. ರಕ್ತ ಬೇಕು, ನುರಿತ ಕೈ ಬೇಕು, ಹೊತ್ತಿಗೆ ಗಾಡಿ ಬೇಕು, ಮುಂದಿನ ದವಾಖಾನೆಯಲ್ಲಿ ತೆರೆದ ಬಾಗಿಲು ಬೇಕು. ಎಣಿಸಿದ್ದರಿಂದ ಇದು ತಿಳಿಯಿತು. ಎಣಿಸದೆ ಹೋಗಿದ್ದರೆ ನಾವು ಇಂದಿಗೂ ಆ ಹಾಳೆಯನ್ನು ಗೋಡೆಗೆ ಅಂಟಿಸಿ, ಕರ್ತವ್ಯ ಮುಗಿಯಿತೆಂದು ನಿದ್ದೆ ಹೋಗುತ್ತಿದ್ದೆವು. ಗೋಡೆಯ ಕೆಳಗೆ ಮಲಗಿದವಳು ಮಾತ್ರ ಏಳುತ್ತಿರಲಿಲ್ಲ.

ಎಣಿಸುವುದೆಂದರೆ ಅಂಕಿ ಬರೆಯುವುದಷ್ಟೇ ಅಲ್ಲ, ಕಿವಿಗೊಡುವುದು. ಕೊಪ್ಪಳ ಜಿಲ್ಲೆಯಲ್ಲಿ ಬೆಂಗಳೂರಿನ ಐಐಎಂನ ಗೀತಾ ಸೇನ್, ಅದಿತಿ ಅಯ್ಯರ್ ಮತ್ತು ಅವರ ಜೊತೆಗಾರರು ಈ ಶತಮಾನದ ಮೊದಲ ವರ್ಷಗಳಿಂದ ಮಾಡಿದ್ದು ಅದನ್ನೇ. ಹೆರಿಗೆಯಲ್ಲಿ ಸತ್ತ ಹೆಣ್ಣುಮಗಳ ಮನೆಗೆ ಹೋದರು. ಅವಳ ಅವ್ವ ಏನೆಂದಳು, ಅತ್ತೆ ಏನೆಂದಳು, ದಾದಿ ಏನೆಂದಳು ಎಂದು ಕೇಳಿ, ಒಬ್ಬರ ಮಾತಿಗೆ ಇನ್ನೊಬ್ಬರ ಮಾತು ಹೊಂದದಿದ್ದಾಗ ಎರಡನ್ನೂ ಬರೆದುಕೊಂಡು, ಅವಳ ಕೊನೆಯ ದಿನಗಳನ್ನು ಎಳೆಎಳೆಯಾಗಿ ಜೋಡಿಸಿದರು. ಕಂಡದ್ದೇನು? ಒಬ್ಬರಿಂದೊಬ್ಬರಿಗೆ ದಾಟುವಾಗ ಕಡಿದುಹೋಗುವ ಆರೈಕೆ, ಗೊತ್ತುಗುರಿಯಿಲ್ಲದ ರೆಫರಲ್, ಬೆಂಬಲವಿಲ್ಲದೆ ಒಂಟಿಯಾದ ಕೆಳಹಂತದ ಸಿಬ್ಬಂದಿ, ಯಾರನ್ನು ಯಾತಕ್ಕೆ ಹೊಣೆ ಮಾಡಬೇಕೆಂಬುದೇ ಅಡ್ಡದಾರಿ ಹಿಡಿದ ವ್ಯವಸ್ಥೆ. ಇದು ಕೊಪ್ಪಳದ ಕಥೆ ಮಾತ್ರವೇ? ನಿಮ್ಮ ಓಣಿಯಲ್ಲಿ ಇಂಥ ಸಾವು ಕಂಡ ಮನೆಯೊಂದಿದ್ದರೆ, ಅವರ ಬಾಯಲ್ಲಿ ನೀವು ಇದನ್ನೇ ಕೇಳಿರುತ್ತೀರಿ: ಇಲ್ಲಿ ಆಗಂಗಿಲ್ಲ ಅಂದ್ರು, ಮುಂದ ಒಯ್ಯಿರಿ ಅಂದ್ರು, ಒಯ್ದಿವಿ, ಅಲ್ಲೂ ಮುಂದ ಒಯ್ಯಿರಿ ಅಂದ್ರು. ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ 'ರೆಫರ್ಡ್' ಎಂದು ಬರೆದಿರುತ್ತದೆ. ಅಲ್ಲಿಗೆ ಆ ದವಾಖಾನೆಯ ಲೆಕ್ಕ ಚೊಕ್ಕಟವಾಯಿತು. ಅವಳಿಗೆ ಮುಂದ ಏನಾತು?

ನಮ್ಮ ಸೀಮೆಯ ಹೆಣ್ಣುಮಗಳ ದಾರಿಯನ್ನು ಒಮ್ಮೆ ಮನಸ್ಸಿನಲ್ಲಿ ನಡೆದು ನೋಡಿ. ಗಂಡನ ಮನೆ ಇಂಡಿಯ ಕಡೆ, ಅಲ್ಲಿಯ ಆಶಾ ಅವಳಿಗೆ ತಾಯಿ ಕಾರ್ಡು ಮಾಡಿಸುತ್ತಾಳೆ. ಚೊಚ್ಚಲ ಹೆರಿಗೆಗೆ ತವರಿಗೆ ಬರುತ್ತಾಳೆ. ತವರು ಬಾಗೇವಾಡಿಯ ಪಕ್ಕದ ಹಳ್ಳಿ. ನೋವು ಬಂದ ರಾತ್ರಿ ತಾಲ್ಲೂಕು ದವಾಖಾನೆ, ಅಲ್ಲಿಂದ 40 ಕಿಲೋಮೀಟರಿಗೂ ಆಚೆ ವಿಜಯಪುರ, ಅಲ್ಲಿಂದಲೂ ಮುಂದಕ್ಕೆ ಎಂದರೆ ಸೋಲಾಪುರ, ಅಂದರೆ ಇನ್ನೊಂದು ರಾಜ್ಯ. ದಾರಿಯಲ್ಲಿ ಅವಳು ಉಸಿರು ಬಿಟ್ಟರೆ ಅವಳು ಯಾರ ಪುಸ್ತಕದ ಸಾವು? ಇಂಡಿಯವರು ತವರಿಗೆ ಹೋದಳು ಅನ್ನುತ್ತಾರೆ, ಬಾಗೇವಾಡಿಯವರು ಮುಂದೆ ಕಳಿಸಿದೆವು ಅನ್ನುತ್ತಾರೆ, ವಿಜಯಪುರದವರು ಬರುವಾಗಲೇ ತಡವಾಗಿತ್ತು ಅನ್ನುತ್ತಾರೆ. ಯಾರೂ ಸುಳ್ಳು ಹೇಳುತ್ತಿಲ್ಲ. ಎಲ್ಲರ ನಿಜಗಳ ನಡುವೆ ಒಬ್ಬಳು ಕಳೆದುಹೋಗುತ್ತಾಳೆ. ಕೂಸು ಉಳಿದರೆ ಅಜ್ಜಿಯ ಮಡಿಲಲ್ಲಿ ಮೇಕೆಯ ಹಾಲು ಕುಡಿದು ಬೆಳೆಯುತ್ತದೆ, ತನ್ನ ಅವ್ವ ಯಾಕೆ ಸತ್ತಳೆಂದು ಅದಕ್ಕೆ ಯಾರೂ ಯಾವತ್ತೂ ಹೇಳುವುದಿಲ್ಲ.

ಅವಳಿಗಿಂತ ಆಚೆ ಇನ್ನೊಬ್ಬಳಿದ್ದಾಳೆ. ತಾಂಡಾದ ಹೆಣ್ಣುಮಗಳು. ದೀಪಾವಳಿ ಮುಗಿದ ಮೇಲೆ ಕಬ್ಬು ಕಡಿಯುವ ಗ್ಯಾಂಗಿನ ಜೊತೆ ಗಡಿ ದಾಟುತ್ತಾಳೆ, ಇಲ್ಲವೆ ಗೋವಾದಲ್ಲೋ ಪುಣೆಯಲ್ಲೋ ಕಟ್ಟಡದ ಕೆಲಸಕ್ಕೆ ಹೋಗುತ್ತಾಳೆ. ಐದನೇ ತಿಂಗಳ ತಪಾಸಣೆಯ ದಿನ ಅವಳು ಊರಲ್ಲಿರುವುದಿಲ್ಲ. ದವಾಖಾನೆಯಲ್ಲಿ ಅವಳ ಭಾಷೆ ಬಲ್ಲವರಿರುವುದಿಲ್ಲ, ಗದರಿಸುವವರು ಇರುತ್ತಾರೆ. ಯೋಜನೆ ಯಶಸ್ವಿ ಎಂದು ಬರೆಯುವಾಗ ನೂರಕ್ಕೆ ತೊಂಬತ್ತು ಜನರಿಗೆ ಸೌಲಭ್ಯ ತಲುಪಿತು ಎಂದು ಬರೆಯುತ್ತೇವೆ. ತಲುಪದ ಹತ್ತು ಜನರಲ್ಲಿ ಪ್ರತಿ ಸಲವೂ ಇವಳೇ ಇರುತ್ತಾಳೆ ಎಂದು ಬರೆಯುವುದಿಲ್ಲ. ವೇಲ್ಸ್ ದೇಶದ ವೈದ್ಯ ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲೇ ಒಂದು ಕಹಿ ನಿಯಮವನ್ನು ಎತ್ತಿ ತೋರಿಸಿದ: ಆರೈಕೆ ಯಾರಿಗೆ ಹೆಚ್ಚು ಬೇಕೋ ಅವರಿಗೇ ಕಡಿಮೆ ಸಿಗುತ್ತದೆ. ನಮ್ಮ ನಾಡಿನಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಪಟ್ಟಿ ಮಾಡಿದಾಗ ನಮ್ಮ ಜಿಲ್ಲೆಯ ತಾಲ್ಲೂಕುಗಳೂ ಅದರಲ್ಲಿದ್ದವು. ರಾಜ್ಯದ ಸರಾಸರಿಯಲ್ಲಿ ನಾವು ಹೇಗೆ ಮುಚ್ಚಿಹೋಗುತ್ತೇವೆ ಎಂದು ನೀವು ನೊಂದುಕೊಳ್ಳುತ್ತೀರಿ, ಬೆಂಗಳೂರಿನ ಅಂಕಿಯ ಕೆಳಗೆ ಬಾಗೇವಾಡಿ ಕಾಣುವುದಿಲ್ಲ ಎಂದು ಸಿಟ್ಟಾಗುತ್ತೀರಿ. ಅದೇ ನೋವಿನಿಂದ ಕೇಳಿಕೊಳ್ಳಿ: ಬಾಗೇವಾಡಿಯ ಅಂಕಿಯ ಕೆಳಗೆ ತಾಂಡಾ ಕಾಣುತ್ತಿದೆಯೇ? ಹೊಲಗೇರಿ ಕಾಣುತ್ತಿದೆಯೇ? ಆಲಮಟ್ಟಿಯ ಹಿನ್ನೀರಿಗೆ ಮನೆಮಠ ಬಿಟ್ಟುಕೊಟ್ಟು ಪುನರ್ವಸತಿ ಕೇಂದ್ರದಲ್ಲಿ ಕೂತವರು ಕಾಣುತ್ತಿದ್ದಾರೆಯೇ?

ಲೆಕ್ಕ ಕೇಳಿದರೆ ಯಾರದೋ ತಲೆದಂಡವಾಗುತ್ತದೆ ಎಂಬ ಅಂಜಿಕೆ ನಿಮಗಿದೆ ಎಂದು ಬಲ್ಲೆ. ಅದು ಸುಳ್ಳು ಅಂಜಿಕೆಯೂ ಅಲ್ಲ. ಸಾವಾದ ಮರುದಿನ ರಾತ್ರಿಪಾಳಿಯ ಸಿಸ್ಟರನ್ನೋ ಗುತ್ತಿಗೆಯ ಡಾಕ್ಟರನ್ನೋ ಅಮಾನತು ಮಾಡಿ, ಬಾಗಿಲಲ್ಲಿ ಕಲ್ಲು ತೂರಿದವರನ್ನು ಸಮಾಧಾನ ಮಾಡಿ, ಕಡತ ಕಟ್ಟಿಡುವುದನ್ನು ನಾವು ನ್ಯಾಯವೆಂದು ಕರೆಯುತ್ತ ಬಂದಿದ್ದೇವೆ. ಇದರಿಂದ ಸಿಬ್ಬಂದಿ ಕಲಿಯುವುದು ಒಂದೇ ಪಾಠ: ಬರೆದರೆ ಸಿಕ್ಕಿಬೀಳುತ್ತೀ, ಮುಂದೆ ಕಳಿಸಿದರೆ ಉಳಿಯುತ್ತೀ. ನಾನು ಕೇಳುತ್ತಿರುವುದು ಆ ಲೆಕ್ಕವನ್ನಲ್ಲ. ರಕ್ತನಿಧಿಯಲ್ಲಿ ಆ ರಾತ್ರಿ ರಕ್ತ ಇತ್ತೇ, ಅರಿವಳಿಕೆ ವೈದ್ಯರು ಆ ತಾಲ್ಲೂಕಿಗೆ ಇದ್ದರೇ, ಒಬ್ಬಳೇ ಸಿಸ್ಟರ್ ಎಷ್ಟು ಹೆರಿಗೆಗಳನ್ನು ಒಟ್ಟಿಗೆ ನೋಡುತ್ತಿದ್ದಳು, ಗಾಡಿ ಕರೆ ಮಾಡಿದ ಎಷ್ಟು ಹೊತ್ತಿಗೆ ಬಂತು ಎಂದು ಕೇಳುವ ಲೆಕ್ಕ. ತಾಯಿಯ ಪ್ರತಿಯೊಂದು ಸಾವನ್ನೂ ಹೀಗೆ ಪರಿಶೀಲಿಸಬೇಕೆಂಬ ಮಾರ್ಗಸೂಚಿ ನಮ್ಮ ದೇಶದಲ್ಲಿ 2010ರಿಂದಲೇ ಇದೆ. ಜಿಲ್ಲಾಧಿಕಾರಿ ನಡೆಸುವ ಪರಿಶೀಲನೆಗೆ ಸತ್ತವಳ ಮನೆಯವರನ್ನೂ ಕರೆದು ಕೂರಿಸಿ ಅವರ ಮಾತು ಕೇಳಬೇಕೆಂದು ಅದರಲ್ಲಿ ಬರೆದಿದೆ. ದಂಡಿಸುವುದಕ್ಕಲ್ಲ, ಇನ್ನೊಬ್ಬಳು ಹಾಗೆ ಸಾಯದಿರಲಿ ಎನ್ನುವುದಕ್ಕೆ. ಎಂಥ ಒಳ್ಳೆಯ ಮಾತು! ಅದನ್ನು ಕಾಗದದಿಂದ ಇಳಿಸಿ ನೆಲದ ಮೇಲೆ ನಡೆಸುವುದು ನಿಮ್ಮ ಒತ್ತಾಯದಿಂದ ಮಾತ್ರ ಸಾಧ್ಯ.

ಲೆಕ್ಕದ ಹೊರೆಯನ್ನೆಲ್ಲ ಆಶಾ ಕಾರ್ಯಕರ್ತೆಯ ತಲೆಗೆ ಹೊರಿಸಬೇಡಿ. ಸರಿಯಾದ ಗೌರವಧನಕ್ಕಾಗಿ 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಬಯಲಲ್ಲಿ ಮಲಗಿ ಧರಣಿ ಮಾಡಿದವರು ಅವರು. ಹತ್ತು ರಿಜಿಸ್ಟರು, ನಾಲ್ಕು ಆ್ಯಪು ತುಂಬಿಸುವುದರಲ್ಲೇ ಅವಳ ದಿನ ಹೋದರೆ ಬಸುರಿಯ ಕಾಲು ಬಾತಿದ್ದನ್ನು ನೋಡುವವರಾರು? ನೂರು ಅಂಕಿ ಬೇಡ. ಜೀವ ಉಳಿಸುವ ನಾಲ್ಕೇ ಅಂಕಿ ಸಾಕು, ಅವು ನಿಜವಾಗಿರಲಿ, ಅವನ್ನು ಬರೆದವಳಿಗೆ ಅವುಗಳಿಂದ ಏನು ಬದಲಾಯಿತೆಂದು ತಿರುಗಿ ಹೇಳುವವರಿರಲಿ.

ಆದ್ದರಿಂದ ನಿಮ್ಮಲ್ಲಿ ಬೇಡಿಕೊಳ್ಳುತ್ತೇನೆ. ಡಾಕ್ಟರೇ, ಸಿಸ್ಟರೇ, ನೀವು ಮುಂದಕ್ಕೆ ಕಳಿಸಿದ ಪ್ರತಿಯೊಬ್ಬಳ ಸುದ್ದಿಯನ್ನು ಮರುದಿನ ಒಂದು ಫೋನಿನಲ್ಲಿ ಕೇಳಿ, ಅವಳ ಹೆಸರಿನ ಮುಂದೆ ಬರೆಯಿರಿ. ಅಧಿಕಾರಿಗಳೇ, ಕೆಟ್ಟ ಅಂಕಿ ತಂದವರನ್ನು ಗದರಿಸಬೇಡಿ, ಅವರನ್ನೇ ಮೊದಲ ಸಾಲಿನಲ್ಲಿ ಕೂರಿಸಿ. ತಾಲ್ಲೂಕಿನ ಲೆಕ್ಕವನ್ನು ಹಳ್ಳಿವಾರು, ತಾಂಡಾವಾರು ಬಿಡಿಸಿ ದವಾಖಾನೆಯ ಗೋಡೆಯ ಮೇಲೆ ಕನ್ನಡದಲ್ಲಿ ಬರೆಸಿ. ಆರೋಗ್ಯ ರಕ್ಷಾ ಸಮಿತಿಯಲ್ಲಿ ಹೆಸರಿದ್ದೂ ಸಭೆಗೆ ಹೋಗದವರೇ, ಈ ತಿಂಗಳು ಹೋಗಿ. ಬಿಲ್ಲಿಗೆ ಸಹಿ ಹಾಕುವ ಮೊದಲು ಹೋದ ಸಲ ತಂದ ಯಂತ್ರ ಇವತ್ತು ಓಡುತ್ತಿದೆಯೇ ಎಂದು ಎದ್ದು ನೋಡಿ. ಪತ್ರಕರ್ತರೇ, ಉದ್ಘಾಟನೆಯ ಫೋಟೋ ಹಾಕಿದ ನೀವೇ ವರ್ಷದ ನಂತರ ಅದೇ ಕೋಣೆಗೆ ಹೋಗಿ ಬನ್ನಿ. ಸರಕಾರಿ ವೈದ್ಯಕೀಯ ಕಾಲೇಜು ಬೇಕೆಂದು ವಿಜಯಪುರದಲ್ಲಿ ಧರಣಿ ಕೂತವರೇ, ನಿಮ್ಮ ಬೇಡಿಕೆಯಲ್ಲಿ ನ್ಯಾಯವಿದೆ, ನಿಮ್ಮ ದನಿಯಲ್ಲಿ ಬಲವಿದೆ. ಆ ದನಿಗೆ ಇದೊಂದನ್ನು ಸೇರಿಸಿಕೊಳ್ಳಿ: ಕಟ್ಟಡದ ಜೊತೆಗೆ ಲೆಕ್ಕವೂ ಬೇಕು.

ಇವರು ಯಾರೂ ಅಲ್ಲದ ನೀವು, ಶಾಲೆಯ ಮಾಸ್ತರು, ಅಂಗಡಿಯವರು, ಹೊಲಮನೆಯವರು, ಓದು ಕಲಿತ ಹೆಣ್ಣುಮಕ್ಕಳು, ನಮ್ಮ ಕೈಯಲ್ಲೇನಿದೆ ಎನ್ನಬೇಡಿ. ನಿಮ್ಮ ಊರಲ್ಲಿ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿ ಇದೆ, ಗ್ರಾಮಸಭೆ ಇದೆ, 2005ರಿಂದ ಮಾಹಿತಿ ಹಕ್ಕು ಕಾಯ್ದೆ ಇದೆ. ಕೇಳಬೇಕಾದ ಪ್ರಶ್ನೆಗಳು ನಾಲ್ಕೇ. ಹೋದ ವರ್ಷ ನಮ್ಮೂರಿನ ಎಷ್ಟು ಜನ ಬಸುರಿಯರು ದವಾಖಾನೆಗೆ ಹೋದರು? ಯಾರು ಹೋಗಲಿಲ್ಲ, ಯಾಕೆ ಹೋಗಲಿಲ್ಲ? ಮುಂದಕ್ಕೆ ಕಳಿಸಿದವರಿಗೆ ಏನಾಯಿತು? ಸತ್ತವರ ಸಾವಿನಿಂದ ಏನು ಬದಲಾಯಿಸಿದಿರಿ? ಇಷ್ಟನ್ನು ಗೌರವದಿಂದ ಕೇಳಿ, ಉತ್ತರ ಬರುವವರೆಗೆ ಕೇಳಿ, ಪ್ರತಿ ಸಭೆಯಲ್ಲೂ ಕೇಳಿ. ನೀವು ಕೇಳುತ್ತೀರೆಂದು ಗೊತ್ತಾದ ದಿನದಿಂದ ಅಂಕಿಗಳು ನಿಜವಾಗಲು ಶುರುವಾಗುತ್ತವೆ.

ಹೆರಿಗೆ ಮಂಚದ ಮೇಲೆ ನೋವು ತಿನ್ನುತ್ತಿರುವವಳಿಗೆ ಇದನ್ನೆಲ್ಲ ಕೇಳುವ ತ್ರಾಣವಿಲ್ಲ. ಅವಳ ಅವ್ವನಿಗೆ ಕೇಳುವ ಧೈರ್ಯವಿಲ್ಲ, ಗಂಡನಿಗೆ ಯಾರನ್ನು ಕೇಳಬೇಕೆಂದು ಗೊತ್ತಿಲ್ಲ, ಹುಟ್ಟಿದ ಕೂಸಿಗೆ ಮಾತೇ ಬಾರದು. ನಿಮಗೆ ತ್ರಾಣವಿದೆ, ಧೈರ್ಯವಿದೆ, ಮಾತಿದೆ, ಎಲ್ಲಕ್ಕಿಂತ ಮಿಗಿಲಾಗಿ ಮರುಗುವ ಮನಸ್ಸಿದೆ. ಬರುವ ಗ್ರಾಮಸಭೆಯಲ್ಲಿ ಎದ್ದು ನಿಂತು, ಅವಳ ಪರವಾಗಿ ನೀವು ಕೇಳ್ರಿ.